ಕೊನೆಯ ಕೈ ಯಾರದು?

ಫೋ ಎಂಬ ವಿಯೆಟ್ನಾಮಿ ಶ್ಯಾವಿಗೆ ಸಾರು ಬಂದದ್ದು ಒಂದು ಪುಟ್ಟ ಪಿಂಗಾಣಿ ಬಟ್ಟಲಿನಲ್ಲಿ. ಬಟ್ಟಲು ಅಂದರೂ ಹೆಚ್ಚೇ. ನಮ್ಮ ಕಡೆ ಎಳೆಮಕ್ಕಳಿಗೆ ಬಜೆ ತೇಯ್ದು ಕುಡಿಸುವ ಒಳಲೆಗಿಂತ ತುಸು ದೊಡ್ಡದು. ಒಳಗೆ ತಳ ಕಾಣುವಷ್ಟು ತಿಳಿಯಾದ ಸಾರು, ಮೇಲೆ ತೇಲುವ ಮೂರು ಹನಿ ಹಸಿರು ಎಣ್ಣೆ, ಉಗುರಗಲದ ಒಂದು ಚೂರು ಮಾಂಸ, ಗಂಟು ಕಟ್ಟಿಟ್ಟಂಥ ನಾಲ್ಕೆಳೆ ಅಕ್ಕಿ ಶ್ಯಾವಿಗೆ. ನನ್ನ ಅಕ್ಕನ ಮಗಳು ಬಟ್ಟಲನ್ನೊಮ್ಮೆ, ಮೇಜನ್ನೊಮ್ಮೆ ನೋಡಿದಳು. ಸಿಂಗಪುರಕ್ಕೆ ಬಂದು ಒಂಬತ್ತು ವರ್ಷವಾದ ಅವಳ ಲೆಕ್ಕದಲ್ಲಿ ಫೋ ಅಂದರೆ ಪಕ್ಕಕ್ಕೊಂದು ತಟ್ಟೆ ಸೊಪ್ಪು, ಮೊಳಕೆಕಾಳು, ನಿಂಬೆಹೋಳು, ಹೆಚ್ಚಿದ ಮೆಣಸು ಬರಲೇಬೇಕು. ನಿಂಬೆ ಸಿಗುತ್ತದಾ ಎಂದು ಬಡಿಸುವ ಹುಡುಗನನ್ನು ಕೇಳಿದಳು. ಅವನು ಎದೆಯ ಮೇಲೆ ಕೈಯಿಟ್ಟು ಬಹಳ ನಯವಾಗಿ ಹೇಳಿದ: ಶೆಫ್ ಹದ ಮಾಡಿಯೇ ಕಳಿಸಿದ್ದಾರೆ, ನೀವು ಏನನ್ನೂ ಬೆರೆಸಬೇಕಾಗಿಲ್ಲ.

ಸಾರು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಸುಟ್ಟ ಶುಂಠಿ, ಸುಟ್ಟ ಈರುಳ್ಳಿ, ಚಕ್ರಮೊಗ್ಗು, ಚಕ್ಕೆ ಒಂದೊಂದಾಗಿ ಬಂದು ನಾಲಿಗೆಗೆ ತಮ್ಮ ಹೆಸರು ಹೇಳಿ ಹೋದವು. ಮೂರು ಗುಟುಕಿಗೆ ಬಟ್ಟಲು ಬರಿದಾಯಿತು. ಹಿಂಡಲು ನಿಂಬೆಯಿಲ್ಲ, ಹರಿದು ಹಾಕಲು ಸೊಪ್ಪಿಲ್ಲ; ಮದುವೆಮನೆಯಲ್ಲಿ ಓಡಾಡಿ ಅಭ್ಯಾಸವಿದ್ದವನನ್ನು ಕುರ್ಚಿಯಲ್ಲಿ ಕೂರಿಸಿಬಿಟ್ಟಂತೆ ನನ್ನ ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಕೂತವು.

ಅಡುಗೆಗೆ ಕೊನೆಯ ಕೈ ಹಾಕುವವರು ಯಾರು, ಅಟ್ಟವರೋ ಉಣ್ಣುವವರೋ? ಈ ಬರಹ ಅಷ್ಟನ್ನೇ ಹಿಡಿದು ಹೊರಟದ್ದು. ಹೊಸಬಗೆಯ ವಿಯೆಟ್ನಾಮಿ ಊಟವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಾಣಲಿಲ್ಲ.

ಹೋಟೆಲು ಇದ್ದದ್ದು ಚೈನಾಟೌನ್ ಬಳಿಯ ಒಂದು ಹಳೆಯ ಅಂಗಡಿಮನೆಯಲ್ಲಿ. ಕೆಳಗೆ ವ್ಯಾಪಾರ, ಮೇಲೆ ಸಂಸಾರ, ಮುಂದೆ ಮಳೆಬಿಸಿಲಿಗೆ ಮರೆಯಾಗಿ ಐದಡಿ ಅಗಲದ ಜಗಲಿ. ಸಿಂಗಪುರದ ಹಳೆಯ ಬೀದಿಗಳೆಲ್ಲ ಹೀಗೆ ಕಟ್ಟಿದವು. ಈಗ ಅಂಥ ಕಟ್ಟಡಗಳ ಮುಖಕ್ಕೆ ಬಣ್ಣ ಹೊಡೆದು ಕಾಪಾಡಿದ್ದಾರೆ, ಒಳಗೆ ದೀಪ ತಗ್ಗಿಸಿ ಮೇಜು ಹಾಕಿದ್ದಾರೆ. ತಿನಿಸಿನ ಪಟ್ಟಿ ನಮ್ಮ ಕೈಗೆ ಬಂದರೂ ಆರಿಸುವ ಕೆಲಸ ನಮ್ಮದಲ್ಲ: ಎಂಟು ಸಣ್ಣ ಸುತ್ತು, ಒಂದರ ಹಿಂದೆ ಒಂದು, ಅವರಿಟ್ಟ ಕ್ರಮದಲ್ಲಿ. ಬೆಲೆಯ ಪಕ್ಕ ಎರಡು ಪ್ಲಸ್ ಗುರುತು. ಒಂದು ಪ್ಲಸ್ ಎಂದರೆ ಸೇವೆಯ ಬಾಬ್ತು ಶೇ 10, ಇನ್ನೊಂದು ಜಿಎಸ್‌ಟಿ. ಅದು 2024ರ ಜನವರಿಯಿಂದ ಶೇ 9 ಆಗಿದೆ.

ಸಿಂಗಪುರ ಉಡುಪಿ ಜಿಲ್ಲೆಯ ಸುಮಾರು ಐದನೇ ಒಂದು ಪಾಲಿನಷ್ಟು ದೊಡ್ಡದು. ತಿನ್ನುವ ಆಹಾರದಲ್ಲಿ ಶೇ 90ಕ್ಕೂ ಹೆಚ್ಚು ಹೊರಗಿನಿಂದ ಬರಬೇಕು. ಹೀಗಿದ್ದೂ, ಅಥವಾ ಹೀಗಿರುವುದರಿಂದಲೇ, ಇಲ್ಲಿ ಊಟದ ಮಾತಿಲ್ಲದೆ ಮಾತು ಮುಗಿಯುವುದಿಲ್ಲ. ಬೀದಿಯಲ್ಲಿ ಗಾಡಿ ಇಟ್ಟು ಮಾರುತ್ತಿದ್ದವರನ್ನು ಸರ್ಕಾರ 1970ರ ದಶಕದಿಂದ ನೀರು, ಚರಂಡಿ ಇರುವ ಚಾವಣಿಗಳ ಕೆಳಗೆ ಕೂರಿಸಿತು. ಅವೇ ಹಾಕರ್ ಸೆಂಟರುಗಳು. 2020ರಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಐದಾರು ಡಾಲರಿಗೆ ಹೊಟ್ಟೆ ತುಂಬ ಒಳ್ಳೆಯ ಊಟ ಸಿಗುವ ಊರಿನಲ್ಲಿ ಮೇಜಿಗೆ ಬಟ್ಟೆ ಹಾಸಿ ನೂರಾರು ಡಾಲರ್ ಕೇಳುವ ಹೋಟೆಲು, ಹಾಕರ್ ಕೊಡದ್ದು ನೀನೇನು ಕೊಡುತ್ತೀ ಎಂಬ ಪ್ರಶ್ನೆಗೆ ದಿನವೂ ಉತ್ತರ ಹೇಳಬೇಕು.

ವಿಯೆಟ್ನಾಮಿ ಅಡುಗೆಗೆ ಈ ದ್ವೀಪ ಪೂರ್ತಿ ಹೊಸತೂ ಅಲ್ಲ. ದಕ್ಷಿಣ ಚೀನಾದ ತಿಯೋಚೂ ಜನ ಮೆಕಾಂಗ್ ನದಿಯ ಬಯಲಿಗೂ ಹೋದರು, ಸಿಂಗಪುರಕ್ಕೂ ಬಂದರು. ಅವರು ಹೊತ್ತು ತಂದ ಅಗಲ ಅಕ್ಕಿ ಶ್ಯಾವಿಗೆಗೆ ಇಲ್ಲಿ ಕ್ವೇ ತಿಯೋ ಎಂದು ಹೆಸರು, ಸೈಗಾನ್ ಕಡೆ ಹೂ ತಿಯು. ಒಂದೇ ಮಾತು, ಎರಡು ಊರಿನ ನಾಲಿಗೆ. ಇಲ್ಲಿಯ ಪೊಪಿಯಾ ಸುರುಳಿ ಅಲ್ಲಿ ಬೋ ಬಿಯಾ. ಸಿಂಗಪುರದವರ ಲಕ್ಸಾ ಸಾರಿಗೆ ಮೇಲಿಂದ ಹೆಚ್ಚಿ ಉದುರಿಸುವ ಘಾಟಿನ ಎಲೆಯೇ ವಿಯೆಟ್ನಾಮಿನಲ್ಲಿ ರಾವ್ ರಾಮ್. ಎಲೆಗಳಿಗೆ ಪಾಸ್‌ಪೋರ್ಟ್ ಬೇಕಿಲ್ಲವಷ್ಟೆ.

ಮನುಷ್ಯರಿಗೆ ಬೇಕಿತ್ತು. 1975ರ ಏಪ್ರಿಲ್ ಕೊನೆಗೆ ಯುದ್ಧದಲ್ಲಿ ಸೈಗಾನ್ ಬಿದ್ದ ಮೇಲೆ ದೋಣಿ, ಹಡಗು ಹತ್ತಿ ಹೊರಟವರಲ್ಲಿ ಸಾವಿರಾರು ಜನ ಈ ಬಂದರಿನ ಮುಂದೆ ಬಂದು ನಿಂತರು. ಸಿಂಗಪುರ ಸ್ವತಂತ್ರವಾಗಿ ಆಗ ಹತ್ತೇ ವರ್ಷ. ನೌಕಾಪಡೆ ಹಡಗುಗಳಿಗೆ ನೀರು, ಆಹಾರ, ಇಂಧನ ಕೊಟ್ಟಿತು, ಕೆಟ್ಟ ಯಂತ್ರ ರಿಪೇರಿ ಮಾಡಿಸಿತು, ಮತ್ತೆ ಸಮುದ್ರಕ್ಕೆ ಕಳಿಸಿತು. ಆಮೇಲೆ ಸೆಂಬವಾಂಗ್‌ನ ಹಾಕಿನ್ಸ್ ರಸ್ತೆಯಲ್ಲಿ 1978ರಿಂದ 1996ರವರೆಗೆ ಒಂದು ನಿರಾಶ್ರಿತ ಶಿಬಿರ ನಡೆಯಿತು. ಬೇರೊಂದು ದೇಶ ಕರೆದುಕೊಳ್ಳಲು ಒಪ್ಪಿದ್ದರೆ ಮಾತ್ರ ಇಳಿಯಬಹುದು, 90 ದಿನದೊಳಗೆ ಹೊರಡಬೇಕು ಎಂಬುದು ಶರತ್ತು. ಆ ಜನ ಅಮೆರಿಕಕ್ಕೆ, ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ ಹೋದರು. ಅಲ್ಲಿ ಅವರ ಅಡುಗೆ ಬೇರು ಬಿಟ್ಟಿತು. ಸಿಂಗಪುರದ ಜೂ ಚಿಯಾಟ್ ರಸ್ತೆಯಲ್ಲಿ ಇವತ್ತು ಸಾಲಾಗಿ ಕಾಣುವ ವಿಯೆಟ್ನಾಮಿ ಊಟದಂಗಡಿಗಳು ತೀರ ಈಚಿನವು. ಓದಲು, ದುಡಿಯಲು, ಮದುವೆಯಾಗಿ ಬಂದವರ ಹಸಿವಿಗೆ ಹುಟ್ಟಿಕೊಂಡವು.

ಈಗ ಕೊನೆಯ ಕೈಯ ಮಾತಿಗೆ ಬರೋಣ. ನಮ್ಮ ಬಾಳೆಎಲೆ ಊಟವನ್ನು ನೆನಪಿಸಿಕೊಳ್ಳಿ. ಅನ್ನ ಬರುವ ಮೊದಲೇ ಎಲೆಯ ತುದಿಗೆ ಉಪ್ಪು ಬರುತ್ತದೆ, ಉಪ್ಪಿನಕಾಯಿ ಬರುತ್ತದೆ. ಸಾರಿಗೆ ಉಪ್ಪು ಹಾಕದೆ ತಂದಿದ್ದಾರೆ ಎಂದಲ್ಲ. ನಿನ್ನ ನಾಲಿಗೆ ನಿನ್ನದು, ಉಳಿದದ್ದನ್ನು ನೀನೇ ನೋಡಿಕೋ ಎಂದು ಬಿಟ್ಟುಕೊಟ್ಟ ಮರ್ಯಾದೆ ಅದು. ವಿಯೆಟ್ನಾಮಿನ ಮನೆಯೂಟದಲ್ಲಿ ಆ ಜಾಗ ನುಓಕ್ ಮಾಮ್‌ಗೆ ಸಲ್ಲುತ್ತದೆ. ದುಂಡನೆಯ ಹರಿವಾಣದ ಸುತ್ತ ಮನೆಮಂದಿ ಕೂರುತ್ತಾರೆ, ಅನ್ನದ ಬಟ್ಟಲು ಅವರವರ ಕೈಯಲ್ಲಿ, ನಟ್ಟನಡುವೆ ಈ ಮೀನಿನ ರಸದ ಚಿಕ್ಕ ಬೋಗುಣಿ. ಪ್ರತಿ ತುತ್ತೂ ಅಲ್ಲಿ ಅದ್ದಿಕೊಂಡು ಬಾಯಿಗೆ ಹೋಗಬೇಕು.

ನುಓಕ್ ಮಾಮ್ ಮಾಡುವ ಬಗೆ ಕರಾವಳಿಯವರಿಗೆ ಹೇಳಿಕೊಟ್ಟರೆ ಅರ್ಧ ಮಾತಿಗೇ ತಿಳಿಯುತ್ತದೆ. ನಾವು ಬೊಳೆಂಜಿರ್ ಅನ್ನುವ ಬೆಳ್ಳಿಬಣ್ಣದ ಕಿರುಮೀನಿನ ಜಾತಿಯದೇ ಮೀನು, ಮೂರು ಪಾಲು. ಉಪ್ಪು, ಒಂದು ಪಾಲು. ಆಳೆತ್ತರದ ಮರದ ಪೀಪಾಯಿಗೆ ತುಂಬಿ, ಮೇಲೆ ಭಾರ ಹೇರಿ ಒಂದು ವರ್ಷದ ಹತ್ತಿರ ಬಿಡುತ್ತಾರೆ. ಮೀನಿನೊಳಗಿನ ಕಿಣ್ವಗಳೇ ಮೀನನ್ನು ಕರಗಿಸುತ್ತವೆ, ಉಪ್ಪು ಕೊಳೆಯದಂತೆ ಕಾಯುತ್ತದೆ. ಕೆಳಗಿನ ತೂಬಿನಿಂದ ಮೊದಲು ಇಳಿಯುವ ಜೇನುಬಣ್ಣದ ರಸವೇ ಉತ್ತಮ ದರ್ಜೆಯದು. ಫೂ ಕುಓಕ್ ದ್ವೀಪದ ರಸಕ್ಕೆ 2012ರಲ್ಲಿ ಐರೋಪ್ಯ ಒಕ್ಕೂಟವೇ ಮೂಲಸ್ಥಾನದ ರಕ್ಷಣೆ ಕೊಟ್ಟಿತು. ಸೀಸೆಯ ಬಾಯಿಗೆ ಮೂಗು ಹಿಡಿದರೆ ಮಲ್ಪೆ ಬಂದರಿನ ಒಣಮೀನಿನ ಚಪ್ಪರ ನೆನಪಾಗುತ್ತದೆ. ಅದಕ್ಕೇ ನಿಂಬೆ, ಸಕ್ಕರೆ, ನೀರು, ಬೆಳ್ಳುಳ್ಳಿ, ಮೆಣಸು ಬೆರೆತರೆ ವಾಸನೆ ಹಿಂದೆ ಸರಿದು ರುಚಿ ಮಾತ್ರ ಮುಂದೆ ಬಂದು ನಿಲ್ಲುತ್ತದೆ. ಉಪ್ಪು, ಹುಳಿ, ಸಿಹಿ, ಖಾರ ಒಂದೇ ಚಮಚದಲ್ಲಿ.

ಎರಡನೆಯದು ಹಸಿ ಸೊಪ್ಪಿನ ಬುಟ್ಟಿ. ಅದರಲ್ಲಿರುವ ತುಳಸಿಯಂಥ ಎಲೆ ನಮ್ಮಜ್ಜಿಯರು ಮಲ್ಲಿಗೆ ದಂಡೆಯ ನಡುವೆ ಕಟ್ಟುತ್ತಿದ್ದ ಕಾಮಕಸ್ತೂರಿಯ ಜಾತಿಯದೇ. ಪುದೀನ ಗೊತ್ತು. ಗರಗಸದಂಚಿನ ಉದ್ದೆಲೆ ಕೊತ್ತಂಬರಿಯ ವಾಸನೆಯನ್ನು ಎರಡು ಪಾಲು ಹೆಚ್ಚು ಹೊತ್ತಿರುತ್ತದೆ. ಒಂದು ಕಡೆ ಹಸಿರು, ಇನ್ನೊಂದು ಕಡೆ ನೇರಳೆ ಬಣ್ಣದ ಎಲೆ ಇರುತ್ತದೆ. ಮೀನಿನ ವಾಸನೆಯದೇ ಇನ್ನೊಂದು ಎಲೆ ಇದೆ. ಮೊದಲ ಸಲ ಕಚ್ಚಿದವರು ಪಕ್ಕದವರ ಮುಖ ನೋಡುತ್ತಾರೆ.

ಇವನ್ನೆಲ್ಲ ಪಾತ್ರೆಯಲ್ಲೇ ಯಾಕೆ ಬೇಯಿಸುವುದಿಲ್ಲ? ಒಂದು ಕಾರಣ ಎಲೆಯದೇ. ಇವುಗಳ ಪರಿಮಳ ಹಾರಿಹೋಗುವ ಎಣ್ಣೆಯಲ್ಲಿದೆ. ಕುದಿಯುವ ಸಾರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಪರಿಮಳ ಹೋಗಿ ಬರೀ ಸೊಪ್ಪು ಉಳಿಯುತ್ತದೆ. ಬಿಸಿಯ ಮೇಲೆ ಹಸಿ ಬೀಳಬೇಕು, ಬಿದ್ದ ಕೂಡಲೇ ಬಾಯಿಗೆ ಹೋಗಬೇಕು. ಇನ್ನೊಂದು ಕಾರಣ ವ್ಯಾಪಾರದ್ದು. ನಸುಕಿಗೆದ್ದು ಒಂದೇ ಹಂಡೆ ಸಾರು ಕಾಯಿಸಿ ನೂರು ಜನಕ್ಕೆ ಹಾಕುವ ಹೆಂಗಸು ನೂರು ನಾಲಿಗೆಯನ್ನು ಮೆಚ್ಚಿಸುವುದು ಹೇಗೆ? ಹಂಡೆಯನ್ನು ಸೌಮ್ಯವಾಗಿಟ್ಟು ಹುಳಿ, ಖಾರ, ಸೊಪ್ಪನ್ನು ಮೇಜಿನ ಮೇಲಿಡುವುದೇ ಜಾಣತನ. ಹೀಗಾಗಿ ವಿಯೆಟ್ನಾಮಿನ ಬೀದಿಯೂಟ ಮುಕ್ಕಾಲು ಪಾಲು ಒಲೆಯ ಮೇಲೆ, ಕಾಲು ಪಾಲು ಮೇಜಿನ ಮೇಲೆ ತಯಾರಾಗುತ್ತದೆ.

ಎಷ್ಟು ಸೊಪ್ಪು, ಎಷ್ಟು ಸಕ್ಕರೆ ಎಂಬುದರಲ್ಲಿ ಆ ದೇಶದ ಚರಿತ್ರೆಯೇ ಇದೆ. ಫೋ ಹುಟ್ಟಿದ್ದು ಉತ್ತರದಲ್ಲಿ, ಹನೋಯ್ ಮತ್ತು ನಾಮ್ ದಿನ್ ಸೀಮೆಯಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ. ಎತ್ತುಗಳು ಉಳುಮೆಗೆ ಬೇಕಾಗಿದ್ದ ನಾಡಿಗೆ ಫ್ರೆಂಚರು ಬಂದು ದನದ ಮಾಂಸ ಕೇಳಿದರು. ಮಿಕ್ಕ ಮೂಳೆ ಸಾರಿನ ಹಂಡೆಗೆ ಬಿತ್ತು. 1954ರ ಜಿನೀವಾ ಒಪ್ಪಂದದಲ್ಲಿ ದೇಶ ಎರಡಾದಾಗ ಎಂಟು ಲಕ್ಷಕ್ಕೂ ಹೆಚ್ಚು ಜನ ಉತ್ತರದಿಂದ ದಕ್ಷಿಣಕ್ಕೆ ಹೋದರು, ಹಂಡೆಯೂ ಹೋಯಿತು. ದಕ್ಷಿಣದವರು ಅದಕ್ಕೆ ಸಿಹಿ ಸೇರಿಸಿದರು, ಮೊಳಕೆಕಾಳು, ಸೊಪ್ಪಿನ ರಾಶಿ, ಕಪ್ಪು ಸೋಯಾ ಗೊಜ್ಜು ಪಕ್ಕಕ್ಕಿಟ್ಟರು. ಹನೋಯ್‌ನವರಿಗೆ ಇವತ್ತೂ ಅದು ಅತಿಯೆನಿಸುತ್ತದೆ. ಧಾರವಾಡದವರು ನಮ್ಮ ಸಾಂಬಾರಿನ ಬೆಲ್ಲಕ್ಕೆ ಮುಖ ಸಿಂಡರಿಸುವ ಹಾಗೆ ಅಂದುಕೊಳ್ಳಿ.

ಯುದ್ಧದ ಕಾಲದಲ್ಲಿ ಹನೋಯ್‌ನ ಸರ್ಕಾರಿ ಅಂಗಡಿಗಳಲ್ಲಿ ಮಾಂಸವೇ ಇಲ್ಲದ ಫೋ ಸಿಗುತ್ತಿತ್ತು. ತಲೆಯ ಮೇಲೆ ಅಮೆರಿಕದ ಚಾಲಕನಿಲ್ಲದ ಬೇಹುಗಾರ ವಿಮಾನಗಳು ಹಾರುತ್ತಿದ್ದ ಕಾಲ ಅದು. ಜನ ಈ ಬಟ್ಟಲಿಗೆ ಚಾಲಕನಿಲ್ಲದ ಫೋ ಎಂದು ಹೆಸರಿಟ್ಟರು. ಯುದ್ಧ ಮುಗಿದ ಮೇಲೂ ಪಡಿತರದ ಚೀಟಿ ಮುಗಿಯಲಿಲ್ಲ. 1986ರಲ್ಲಿ ಸರ್ಕಾರ ದೋಯ್ ಮೋಯ್ ಎಂಬ ಸುಧಾರಣೆ ತಂದು ಹೊಲ, ಅಂಗಡಿಗಳ ಮೇಲಿನ ಹಿಡಿತ ಸಡಿಲಿಸಿತು. ಮೂರೇ ವರ್ಷದಲ್ಲಿ ಆ ದೇಶ ಅಕ್ಕಿ ರಫ್ತು ಮಾಡತೊಡಗಿತು.

ಹೊಸಬಗೆಯ ವಿಯೆಟ್ನಾಮಿ ಹೋಟೆಲು ಹೊರದೇಶದಲ್ಲಿ ಮೊದಲು ಹೆಸರು ಮಾಡಿದ್ದಕ್ಕೂ ಈ ಚರಿತ್ರೆಯೇ ಕಾರಣ. 1975ರಲ್ಲಿ ಮನೆಯವರೊಂದಿಗೆ ದೇಶ ಬಿಟ್ಟ ಚಾರ್ಲ್ಸ್ ಫಾನ್ 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಲಾಂಟೆಡ್ ಡೋರ್ ಎಂಬ ಹೋಟೆಲು ತೆರೆದರು. ಮನೆಯ ರುಚಿಗೆ ಒಳ್ಳೆಯ ತರಕಾರಿ, ಒಳ್ಳೆಯ ಮಾಂಸ, ಒಳ್ಳೆಯ ಕಟ್ಟಡ ಜೋಡಿಸಿದ್ದು ಅವರ ಹೆಚ್ಚುಗಾರಿಕೆ. ಅಲ್ಲಿಂದ 28 ವರ್ಷಕ್ಕೆ, 2023ರ ಜೂನಿನಲ್ಲಿ, ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಕೈಪಿಡಿ ಮೊದಲ ಬಾರಿ ವಿಯೆಟ್ನಾಮಿಗೆ ಬಂತು. ನಾಲ್ಕು ಹೋಟೆಲುಗಳಿಗೆ ಒಂದೊಂದು ನಕ್ಷತ್ರ. ಸೈಗಾನ್‌ನಲ್ಲಿ, ಅಂದರೆ ಈಗಿನ ಹೋ ಚಿ ಮಿನ್ ನಗರದಲ್ಲಿ, ಆ ಸಲ ನಕ್ಷತ್ರ ಪಡೆದದ್ದು ಹಳೆಯ ಸಂತೆಬೀದಿಯೊಂದರಲ್ಲಿರುವ ಆನಾನ್ ಒಂದೇ. ಅಲ್ಲಿ ಬಾನ್ ಮೀ, ಅಂದರೆ ಫ್ರೆಂಚ್ ಬ್ರೆಡ್ಡಿನೊಳಗೆ ಮಾಂಸ, ಉಪ್ಪಿನಕಾಯಿ, ಸೊಪ್ಪು ತುಂಬಿ ಬೀದಿಯಲ್ಲಿ ಮಾರುವ ಬಡವರ ಬುತ್ತಿ, ಟ್ರಫಲ್ ಅಣಬೆಯ ಪರಿಮಳ ಹೊತ್ತು ನೂರು ಡಾಲರಿಗೂ ಮಾರಾಟವಾಯಿತು.

ಸಿಂಗಪುರದ ನಮ್ಮ ಮೇಜಿಗೆ ಮರಳುತ್ತೇನೆ. ಎರಡನೇ ಸುತ್ತಿಗೆ ಬಾನ್ ಸೆಯೋ. ವಿಯೆಟ್ನಾಮಿ ಭಾಷೆಯಲ್ಲಿ ಬಾನ್ ಅಂದರೆ ಹಿಟ್ಟಿನಿಂದ ಮಾಡಿದ್ದು ಏನು ಬೇಕಾದರೂ ಆಗಬಹುದು; ಬ್ರೆಡ್ಡೂ ಬಾನ್, ಹಬೆಯ ಕಡುಬೂ ಬಾನ್, ಹಪ್ಪಳದಂಥದ್ದೂ ಬಾನ್. ಸೆಯೋ ಎಂಬುದು ಕಾದ ಕಾವಲಿಗೆ ಹಿಟ್ಟು ಬಿದ್ದಾಗಿನ ಸದ್ದು. ನಮ್ಮಲ್ಲಿ ಚುಂಯ್ ಅನ್ನುವುದನ್ನು ಅವರು ಹಾಗೆ ಕೇಳಿಸಿಕೊಂಡಿದ್ದಾರೆ. ಅಕ್ಕಿಹಿಟ್ಟು, ತೆಂಗಿನ ಹಾಲು, ಅರಿಶಿನ, ಹುದುಗಿಲ್ಲ, ಮೊಟ್ಟೆಯಿಲ್ಲ. ನೀರುದೋಸೆಗೆ ಅರಿಶಿನ ಹಾಕಿ ಗರಿಗರಿ ಹೊಯ್ದು, ಒಳಗೆ ಸಿಗಡಿ, ಹಂದಿಮಾಂಸ, ಮೊಳಕೆಕಾಳು ಹಾಕಿ ಮಡಚಿದರೆ ಬಾನ್ ಸೆಯೋ ಹತ್ತಿರಕ್ಕೆ ಬಂದ ಹಾಗೆ. ಊರಿನಲ್ಲಾದರೆ ಇದನ್ನು ಕೈಯಲ್ಲಿ ಮುರಿದು, ಸಾಸಿವೆ ಸೊಪ್ಪಿನ ಅಗಲ ಎಲೆಯಲ್ಲಿ ಸುತ್ತಿ, ಮೀನಿನ ರಸದಲ್ಲಿ ಅದ್ದಿ, ಮೊಣಕೈವರೆಗೆ ಸೋರಿಸಿಕೊಂಡು ತಿನ್ನುತ್ತಾರೆ.

ಇಲ್ಲಿ ಬಂದದ್ದು ಹೆಬ್ಬೆರಳುದ್ದದ ಗರಿ ದೊನ್ನೆ, ಒಳಗೊಂದು ಸಿಗಡಿ, ಮೇಲೊಂದು ಎಲೆ. ರಸ ಆಗಲೇ ಒಳಗೆ ಸೇರಿತ್ತು. ಒಂದೇ ತುತ್ತು. ಚೆನ್ನಾಗಿತ್ತು, ಸದ್ದು ಮಾತ್ರ ಇರಲಿಲ್ಲ. ನಾನು ಲೆಕ್ಕ ಹಾಕತೊಡಗಿದೆ: ಹಿಂಡುವ ಕೆಲಸ ಅವರೇ ಮಾಡಿದರು, ಸುತ್ತುವ ಕೆಲಸ ಮಾಡಿದರು, ಅದ್ದುವ ಕೆಲಸವನ್ನೂ ಮಾಡಿಬಿಟ್ಟರು. ನನಗೆ ಉಳಿದದ್ದು ಬಾಯಿ ತೆರೆಯುವುದೊಂದೇ.

ಇದರಲ್ಲಿ ಶೆಫ್‌ನ ತಪ್ಪೇನೂ ಇಲ್ಲ. ಯುರೋಪಿನ ದೊಡ್ಡ ಹೋಟೆಲುಗಳ ಸಂಪ್ರದಾಯದಲ್ಲಿ ತಟ್ಟೆ ಎಂದರೆ ಅಡುಗೆಯವನ ರುಜು. ಅದಕ್ಕೆ ಮೇಲಿಂದ ಉಪ್ಪು ಉದುರಿಸಿದರೆ ಬರೆದ ಕಾಗದಕ್ಕೆ ಬೇರೆಯವರು ಸಾಲು ಸೇರಿಸಿದಂತೆ. ನಕ್ಷತ್ರ ಕೊಡುವವರು ಅಳೆಯುವುದೂ ಅಡುಗೆಯವನ ಕೈಯನ್ನೇ ಹೊರತು ಉಣ್ಣುವವನ ಕೈಯನ್ನಲ್ಲ. ದುಡ್ಡಿನ ತಕರಾರೂ ನನ್ನದಲ್ಲ. ಜಪಾನಿ ಊಟಕ್ಕೆ, ಫ್ರೆಂಚ್ ಊಟಕ್ಕೆ ಕೇಳಿದಷ್ಟು ಕೊಟ್ಟು ಬರುವವರು ವಿಯೆಟ್ನಾಮಿ ಊಟ ಮಾತ್ರ ಅಗ್ಗವಿರಬೇಕು ಅನ್ನುವುದು ನ್ಯಾಯವಲ್ಲ. ಹನ್ನೆರಡು ಗಂಟೆ ಮೂಳೆ ಕಾಯಿಸುವವಳ ಕೂಲಿಯನ್ನು ಆ ಮಾತು ತಿನ್ನುತ್ತದೆ. ಉಡುಪಿ ಹೋಟೆಲಿನವರನ್ನು ಕೇಳಿ ನೋಡಿ: ಪಿಜ್ಜಾಕ್ಕೆ ಐನೂರು ಎಣಿಸುವ ಗಿರಾಕಿಯೇ ಇಡ್ಲಿಗೆ ಐದು ರೂಪಾಯಿ ಏರಿದರೆ ಗಲ್ಲಾದ ಮುಂದೆ ನಿಂತು ಭಾಷಣ ಮಾಡುತ್ತಾನೆ.

ಅವತ್ತು ಶನಿವಾರ. ನನ್ನ ಹೆಂಡತಿ ಶನಿವಾರ ಮೀನು ಮಾಂಸ ಮುಟ್ಟುವವಳಲ್ಲ. ಮೇಜು ಗೊತ್ತು ಮಾಡುವಾಗಲೇ ಹೇಳಿದ್ದೆವು. ಅಣಬೆಯ ಸಾರು, ಕುಂಬಳದ ದೊನ್ನೆ ಎಂದು ಅವರೂ ಸಂಭಾಳಿಸಿಕೊಂಡು ಬಂದಿದ್ದರು. ಆರನೇ ಸುತ್ತಿಗೆ ಚಾ ಕಾ ಬಂತು. ಹನೋಯ್‌ನಲ್ಲಿ ಒಂದು ಬೀದಿಗೇ ಇದರ ಹೆಸರಿದೆ. ಅರಿಶಿನ ಹಚ್ಚಿದ ನದಿಮೀನಿನ ಹೋಳುಗಳನ್ನು ಮೇಜಿನ ಮೇಲಿನ ಒಲೆಯಲ್ಲೇ ಕಾಯಿಸಿ ಹಿಡಿಹಿಡಿ ಸಬ್ಬಸಿಗೆ ಸೊಪ್ಪು, ಈರುಳ್ಳಿ ಹೂ ಹಾಕಿ ಬಾಡಿಸಿ, ಅಕ್ಕಿ ಶ್ಯಾವಿಗೆ, ಕಡಲೆಕಾಯಿ ಬೀಜದೊಂದಿಗೆ ತಿನ್ನುವ ಊಟ. ನಮ್ಮ ತಟ್ಟೆಯಲ್ಲಿ ಎರಡು ಹೋಳು, ಮೂರು ಗರಿ ಸಬ್ಬಸಿಗೆ, ಎಣಿಸಿದರೆ ಐದು ಕಡಲೆಬೀಜ. ಹೆಂಡತಿಯ ಮುಂದೆ ಏನೂ ಬರಲಿಲ್ಲ. ಬಡಿಸುವ ಹುಡುಗ ಒಳಗೆ ಹೋಗಿ ಬಂದು ಪೇಚಾಡಿದ: ಅಡುಗೆಮನೆಯಲ್ಲಿ ಎಡವಟ್ಟಾಗಿದೆ, ಈ ಸುತ್ತಿಗೆ ಮೀನಿಲ್ಲದ್ದು ತಯಾರಾಗಿಲ್ಲ.

"ಅತ್ತೆ, ಇವರಿಗೆ ಚಾಯ್ ಅಂತ ಕೇಳಬೇಕಿತ್ತು," ಅಂದಳು ಅಕ್ಕನ ಮಗಳು.

"ಊಟದ ನಡುವೆ ಚಾ ಯಾಕೆ ಮಾರಾಯ್ತಿ?"

"ಚಾ ಅಲ್ಲ ಅತ್ತೆ, ಚಾಯ್. ಇವರಲ್ಲಿ ಸಸ್ಯಾಹಾರಕ್ಕೆ ಹಾಗೆ ಹೇಳುವುದು. ಹುಣ್ಣಿಮೆ, ಅಮಾವಾಸ್ಯೆಗೆ ಇವರಿಗೂ ಮೀನಿಲ್ಲ."

ಮಾತು ನಿಜ. ವಿಯೆಟ್ನಾಮಿನ ಬೌದ್ಧ ಮನೆಗಳಲ್ಲಿ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮೀನು ಮಾಂಸ ಬಿಡುವ ರೂಢಿಯಿದೆ. ಊರೂರಲ್ಲಿ ಚಾಯ್ ಎಂದು ಫಲಕ ಹಾಕಿದ ಊಟದಂಗಡಿಗಳಿವೆ. ಅವರು ಮೀನಿನ ರಸದ ಬದಲಿಗೆ ಸೋಯಾ ಅಥವಾ ಅನಾನಸಿನಿಂದ ಅದ್ದಿಕೊಳ್ಳುವ ರಸ ಮಾಡುತ್ತಾರೆ. ಆ ಕಡೆ ಹೋಗುವ ನಮ್ಮ ಸಸ್ಯಾಹಾರಿಗಳು ವೆಜ್, ಪ್ಯೂರ್ ವೆಜ್ ಎಂದು ಕೈಸನ್ನೆ ಮಾಡುವುದಕ್ಕಿಂತ ಈ ಒಂದು ಪದ ಕಲಿತು ಹೋಗುವುದು ಲೇಸು.

ನಮ್ಮ ಮಾತಿನಲ್ಲಿ ಆ ಪದ ಬಿದ್ದದ್ದೇ ತಡ, ಪಕ್ಕದ ಮೇಜಿನಲ್ಲಿ ಬಡಿಸುತ್ತಿದ್ದ ಒಬ್ಬ ಹುಡುಗಿ ತಿರುಗಿ ನೋಡಿದಳು. ಮೆಕಾಂಗ್ ಬಯಲಿನ ಕಾನ್ ಥೋ ಊರಿನವಳು. ಐದೇ ನಿಮಿಷದಲ್ಲಿ ಹೆಂಡತಿಯ ಮುಂದೆ ಒಂದು ಬಿದಿರ ತಟ್ಟೆ ತಂದಿಟ್ಟಳು. ಪಟ್ಟಿಯಲ್ಲಿ ಇಲ್ಲದ್ದು ಅದು, ಒಳಗಿನವರು ತಮಗೆಂದು ಇಟ್ಟುಕೊಂಡದ್ದಿರಬೇಕು. ಕರಿದ ತೋಫು, ಅಕ್ಕಿ ಶ್ಯಾವಿಗೆ, ಸೌತೆಕಾಯಿ ಸೀಳು, ಅನಾನಸ್ ಹೋಳು, ರಾಶಿ ಸೊಪ್ಪು, ಸೋಯಾ ನಿಂಬೆಯ ರಸ, ಒಂದು ಬಟ್ಟಲು ನೀರು, ಮತ್ತೆ ಅಕ್ಕಿಯ ಹಾಳೆಗಳ ಒಂದು ಅಟ್ಟಿ.

ಈ ಹಾಳೆಗೆ ಬಾನ್ ಟ್ರಾಂಗ್ ಎಂದು ಹೆಸರು. ಅಕ್ಕಿಹಿಟ್ಟನ್ನು ಹಬೆಯಾಡುವ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಬೇಯಿಸಿ, ಬಿದಿರ ಚಾಪೆಯ ಮೇಲೆ ಬಿಸಿಲಿಗೆ ಒಣಗಿಸುತ್ತಾರೆ. ನಮ್ಮ ಅಂಗಳದ ಹಪ್ಪಳದ ಹಾಗೆ. ಒಂದು ಹಾಳೆಯನ್ನು ಬೆಳಕಿಗೆ ಹಿಡಿದಾಗ ಚಾಪೆಯ ಹೆಣಿಗೆಯ ಅಚ್ಚು ಅದರ ಮೇಲೆ ಮೂಡಿದ್ದು ಕಂಡಿತು. ಹೆಂಡತಿ ಅದನ್ನು ನೀರಲ್ಲಿ ಅದ್ದಿ ಮೆತ್ತಗಾಗಲಿ ಎಂದು ಕಾದಳು. ಹಾಳೆ ಜೋತುಬಿದ್ದು ಅಂಟಿಕೊಂಡು ಒದ್ದೆ ಕರವಸ್ತ್ರದಂತಾಯಿತು. ಹುಡುಗಿ ನಕ್ಕಳು. ತಾನೊಂದು ಹಾಳೆ ತೆಗೆದುಕೊಂಡು ನೀರಲ್ಲಿ ಸರ್ರನೆ ಒಂದು ಸುತ್ತು ತಿರುಗಿಸಿ, ಇನ್ನೂ ಬಿರುಸಾಗಿರುವಾಗಲೇ ತಟ್ಟೆಯ ಮೇಲೆ ಹಾಸಿದಳು. ಕಾಯಬೇಡಿ, ನೀವು ತುಂಬುವಷ್ಟರಲ್ಲಿ ಅದೇ ಮೆತ್ತಗಾಗುತ್ತದೆ ಅಂದಳು. ಕೆಳಗೆ ಸೊಪ್ಪು, ಮೇಲೆ ಶ್ಯಾವಿಗೆ, ತೋಫು. ಎರಡು ಬದಿ ಒಳಗೆ ಮಡಚಿ, ಬೆರಳಿನಿಂದ ಒತ್ತಿಕೊಳ್ಳುತ್ತ ಬಿಗಿಯಾಗಿ ಸುರುಳಿ. ಹುಣ್ಣಿಮೆಗೆ ತನ್ನ ತಾಯಿ ಮನೆಯಲ್ಲಿ ಹೀಗೇ ಇಡುತ್ತಾರೆ ಎಂದೂ ಹೇಳಿದಳು.

ಎರಡನೆಯ ಸುರುಳಿಗೆ ಹೆಂಡತಿಯ ಕೈ ಕುದುರಿತು. ಸುಳಿ ಬಾಳೆಎಲೆಯಲ್ಲಿ ಕಡುಬು ಕಟ್ಟಿದ ಕೈಯಲ್ಲವೇ? ಮೂರನೆಯದನ್ನು ಅಕ್ಕನ ಮಗಳಿಗೆ ಮಾಡಿಕೊಟ್ಟಳು. ನಾಲ್ಕನೆಯದಕ್ಕೆ ನಾನೇ ಹಾಳೆ ಎಳೆದುಕೊಂಡು, ಶೆಫ್‌ನ ಎರಡು ಹೋಳು ಮೀನನ್ನೂ ಮೂರು ಗರಿ ಸಬ್ಬಸಿಗೆಯನ್ನೂ ಅದರೊಳಗೆ ಹಾಕಿ, ಕಾಮಕಸ್ತೂರಿಯ ನಾಲ್ಕೆಲೆ ಹರಿದು ಸೇರಿಸಿ ಸುತ್ತಿದೆ. ಒಂದು ಕಡೆ ಬಾಯಿ ಬಿಟ್ಟುಕೊಂಡು ಶ್ಯಾವಿಗೆ ಹೊರಗೆ ಇಣುಕಿತು. ಅಷ್ಟರವರೆಗೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ ಮೇಜಿನಲ್ಲಿ ಗಲಾಟೆ ಶುರುವಾಯಿತು: ನಿನ್ನದು ದಪ್ಪವಾಯಿತು, ನನ್ನದು ಹರಿಯಿತು, ಆ ಸೊಪ್ಪು ಈ ಕಡೆ ತಾ. ಮೊದಲು ನಿಂಬೆ ಬೇಡವೆಂದಿದ್ದ ಹುಡುಗ ಹೇಳದೆಯೇ ನಿಂಬೆಹೋಳು ತಂದಿಟ್ಟು ಹೋದ. ಹೋಟೆಲಿನ ಎಡವಟ್ಟು ನಮ್ಮ ಪಾಲಿಗೆ ಶನಿವಾರದ ಪುಣ್ಯವಾಗಿ ಬಂತು.

ಅಲ್ಲಿಯವರೆಗೆ ನಾನು ಹೊಸಬಗೆ ಎಂದರೆ ಅಳತೆ ಚಿಕ್ಕದಾಗುವುದು, ಬೆಲೆ ದೊಡ್ಡದಾಗುವುದು ಅಂದುಕೊಂಡಿದ್ದೆ. ಈಗ ಬೇರೆ ಅಳತೆಗೋಲು ಹಿಡಿಯುತ್ತೇನೆ. ಸಾರನ್ನು ಇನ್ನಷ್ಟು ತಿಳಿಯಾಗಿಸಲಿ, ಅಕ್ಕಿಯನ್ನು ಹೊಸ ರೀತಿಯಲ್ಲಿ ಬೇಯಿಸಲಿ, ಸೊಪ್ಪಿನಿಂದ ಎಣ್ಣೆ ಹಿಂಡಲಿ, ಅಡುಗೆ ಬೆಳೆಯಬೇಕಾದದ್ದೇ. ಆದರೆ ಒಂದು ನಾಡಿನ ಊಟದಲ್ಲಿ ಉಣ್ಣುವವನಿಗೆಂದು ಬಿಟ್ಟ ಜಾಗವೂ ಆ ಊಟದ ಪಾಕದೊಳಗೇ ಬರುತ್ತದೆ. ಅದನ್ನು ಮುಚ್ಚಿಬಿಟ್ಟರೆ ರುಚಿ ಉಳಿದೀತು, ಊಟ ಮಾತ್ರ ಬೇರೆಯದಾಗುತ್ತದೆ. ಬೆಂಗಳೂರಿನ ಹೊಸ ಹೋಟೆಲುಗಳಲ್ಲಿ ಬಿಸಿಬೇಳೆ ಬಾತನ್ನು ಚಮಚದ ಮೇಲೆ ಕೂರಿಸಿ ಒಂದೇ ಬೂಂದಿಕಾಳು ಇಟ್ಟು ತರುವವರಿಗೂ ಈ ಮಾತು ಸಲ್ಲುತ್ತದೆ.

ಕೊನೆಗೆ ಕಾಫಿ ಬಂತು. ಗಾಜಿನ ಲೋಟದ ತಳದಲ್ಲಿ ಒಂದು ಬೆರಳು ಮಂದ ಹಾಲು, ಮೇಲೆ ಫಿನ್ ಎಂಬ ತೂತುಬಿಲ್ಲೆಯ ಪುಟ್ಟ ಫಿಲ್ಟರು. ನಮ್ಮ ಫಿಲ್ಟರಿನ ಮೇಲಿನ ಅಂತಸ್ತನ್ನಷ್ಟೇ ಕಿತ್ತು ಲೋಟದ ಮೇಲೆ ಕೂರಿಸಿದಂತೆ. ಕಾಫಿ ಗಿಡವನ್ನು ಆ ನಾಡಿಗೆ ತಂದವರು ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಪಾದ್ರಿಗಳು. ಹಸಿ ಹಾಲು ಸೆಕೆಗೆ ಒಡೆಯುತ್ತಿದ್ದುದರಿಂದ ಡಬ್ಬಿಯ ಮಂದ ಹಾಲು ರೂಢಿಗೆ ಬಂತು. ಇವತ್ತು ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವುದು ವಿಯೆಟ್ನಾಮ್, ಅದರಲ್ಲೂ ಬಹುಪಾಲು ರೋಬಸ್ಟಾ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ವಿಯೆಟ್ನಾಮ್ ಹೆಸರು ಕೇಳಿದರೆ ನೆನಪಾಗುವುದು ಊಟವಲ್ಲ, ಕಾಳುಮೆಣಸಿನ ದರ. ವಿಯೆಟ್ನಾಮಿನ ಅಗ್ಗದ ಮೆಣಸು ಶ್ರೀಲಂಕಾ ಸುತ್ತಿ ಒಳಗೆ ಬರುತ್ತಿದೆ ಎಂದು ಅವರು ಕೂಗಿದ ಮೇಲೆಯೇ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತು ಮಾಡಿತು. ನಮ್ಮ ಗರಂ ಮಸಾಲೆಯ ಚಕ್ಕೆ, ಚಕ್ರಮೊಗ್ಗುಗಳಲ್ಲೂ ಅಲ್ಲಿಂದ ಬಂದದ್ದು ಬಹಳಷ್ಟಿದೆ. ವಿಯೆಟ್ನಾಮಿ ಊಟ ಮಾಡಿಲ್ಲ ಅನ್ನುವವರು ಆ ದೇಶದ ರುಚಿ ನೋಡಿಲ್ಲವೆಂದೇನೂ ಅಲ್ಲ.

ಫಿನ್‌ನಿಂದ ಹನಿ ಇಳಿಯುವುದನ್ನು ನಾಲ್ಕೈದು ನಿಮಿಷ ನೋಡುತ್ತ ಕೂತೆವು. ಎಷ್ಟು ಕಲಕಬೇಕು ಎಂದು ಯಾರೂ ಹೇಳಲಿಲ್ಲ. ನಾನು ತಳ ಮುಟ್ಟುವಂತೆ ಕಲಕಿದೆ, ಹೆಂಡತಿ ಅರ್ಧ ಕಲಕಿ ಬಿಟ್ಟಳು, ಅಕ್ಕನ ಮಗಳು ಹಾಲನ್ನು ಮುಟ್ಟದೆ ಮೇಲಿನ ಕಪ್ಪು ಡಿಕಾಕ್ಷನ್ ಮಾತ್ರ ಕುಡಿದಳು. ಎಂಟು ಸುತ್ತಿನ ಪಟ್ಟಿಯಲ್ಲಿ ಶೆಫ್ ನಮಗೆಂದೇ ಬಿಟ್ಟಿದ್ದ ಕೆಲಸ ಇದೊಂದು.

ಬಿಲ್ಲು ಕೊಟ್ಟು, ಕೈ ತೊಳೆದು, ಕಾನ್ ಥೋದ ಹುಡುಗಿಗೆ ಕೈಮುಗಿದು ಹೊರಬಿದ್ದೆವು. ಎಂಆರ್‌ಟಿ ರೈಲಿನ ಬಾಗಿಲಲ್ಲಿ ಎಂದಿನ ಫಲಕ: ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ದಂಡ 500 ಡಾಲರ್, ಡುರಿಯನ್ ಹಣ್ಣು ತರುವಂತಿಲ್ಲ. ಸೀಟಿನಲ್ಲಿ ಕೂತ ಹೆಂಡತಿ ಅತ್ತಿತ್ತ ನೋಡಿ, ಬಲಗೈಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ಅಕ್ಕನ ಮಗಳು ನೋಡಿ ತಾನೂ ಮೂಸಿದಳು. ನಾನು ಮೂಸಿದೆ. ಸಾಬೂನಿನ ಕೆಳಗೆ ಕಾಮಕಸ್ತೂರಿ ಇನ್ನೂ ಇತ್ತು.

"ಇದಕ್ಕೆ ದಂಡ ಉಂಟಾ?" ಕೇಳಿದಳು ಹೆಂಡತಿ.

"ಫಲಕದಲ್ಲಿ ಬರೆದಿಲ್ಲ ಅತ್ತೆ."